ಪಿಡಿಎಫ್ ಆಗಿ ಬಂದ ಮನೆಗಳು

ಕಂಪ್ಯೂಟರು ತಪ್ಪು ಮಾಡುವುದೇ ಇಲ್ಲ ಎನ್ನುವವರು ಬೋವಿಕಾನ ಪೇಟೆಯ ನಮ್ಮ ಆಫೀಸಿಗೆ ಬಂದು ಒಂದು ವಾರ ಕೂರಬೇಕು. ಚಹಾ ನಾನೇ ತರಿಸುತ್ತೇನೆ.

ನಮ್ಮದು ಮನೆ ಕಟ್ಟಿಕೊಡುವ ಸಣ್ಣ ಕಂಟ್ರಾಕ್ಟ್ ಆಫೀಸು. ಯಜಮಾನರನ್ನು ಊರೆಲ್ಲ ಕರೆಯುವುದು ಇಚ್ಚ, ಅಂದರೆ ಅಣ್ಣ ಎಂದು. ನಾನೂ ಹಾಗೆಯೇ ಕರೆಯುವುದು. ಕರಾರುಪತ್ರ ತಯಾರಿಸುವುದು ನನ್ನ ಕೆಲಸ. ಟೈಪಿಂಗೆಲ್ಲ ಹಳೆಯ ಕಾಲದ್ದು ಅಂತ ಯಾರೋ ಇಚ್ಚನ ತಲೆಗೆ ತುಂಬಿಸಿದರು. ಮಂಗಳೂರಿನಿಂದ ಸಾಫ್ಟ್‌ವೇರ್ ಬಂತು.

ಎಪಿಐಗೆ ರಜೆ

ಸಾಫ್ಟ್‌ವೇರ್ ಎಂಜಿನಿಯರ್ ಬಂದು ವಿವರಿಸಿದರು: "ನೀವು ವಿವರ ತುಂಬಿಸಿ ಬಟನ್ ಒತ್ತಿದರೆ ಸಾಕು. ಎಪಿಐ ಅದನ್ನು ನಮ್ಮ ಸರ್ವರಿಗೆ ಒಯ್ಯುತ್ತದೆ, ಕರಾರನ್ನು ಪಿಡಿಎಫ್ ಮಾಡಿಸಿಕೊಂಡು ವಾಪಸ್ ತರುತ್ತದೆ."

"ಒಯ್ಯುವುದೂ ಅವನೇ, ತರುವುದೂ ಅವನೇ?" ಇಚ್ಚ ಕೇಳಿದರು.

"ಹೌದು."

"ಆದಿತ್ಯವಾರ?"

"ಆದಿತ್ಯವಾರವೂ."

ಇಚ್ಚ ನನ್ನ ಕಡೆ ತಿರುಗಿ, "ಕೇಳಿದ್ರಾ ಮೇಡಂ?" ಎಂದರು. ಅಕ್ಕನ ಮಗಳ ಮದುವೆಗೆ ರಜೆ ಬೇಕೆಂದು ನಾನು ಬೆಳಿಗ್ಗೆಯಷ್ಟೇ ಕೇಳಿದ್ದೆ.

ಮರುದಿನ ಎಷ್ಟು ಒತ್ತಿದರೂ ಪಿಡಿಎಫ್ ಬರಲಿಲ್ಲ. ಸರ್ವರ್ ಬಂದ್.

"ಇಚ್ಚಾ, ಎಪಿಐ ಇವತ್ತು ರಜೆ."

"ಹೇಳಿ ಹೋಗಿದ್ದಾನಾ?"

"ಇಲ್ಲ. ಯಾವಾಗ ಬರುತ್ತಾನೆ ಅಂತಲೂ ಗೊತ್ತಿಲ್ಲ."

ಇಚ್ಚ ಗೋಡೆಯ ಕ್ಯಾಲೆಂಡರ್ ನೋಡಿದರು. "ನೀವು ಕೇಳಿಯಾದರೂ ಹೋಗ್ತೀರಿ" ಎಂದು ನನ್ನ ರಜೆ ಪಾಸು ಮಾಡಿದರು.

ಕನ್ನಡದ ಮನೆ

ನೆಕ್ರಾಜೆಯ ಒಬ್ಬರು ನಿವೃತ್ತ ಮೇಷ್ಟ್ರು ಮನೆ ಕಟ್ಟಿಸಲು ಹೊರಟಿದ್ದರು. "ಇಂಗ್ಲಿಷ್ ಬೇಡ, ಮಲಯಾಳವೂ ಬೇಡ. ಕರಾರು ಶುದ್ಧ ಕನ್ನಡದಲ್ಲಿರಬೇಕು" ಎಂದು ಕಟ್ಟಪ್ಪಣೆ.

ನಾನು ಶುದ್ಧ ಕನ್ನಡದಲ್ಲೇ ತುಂಬಿಸಿ, ಬಂದ ಪಿಡಿಎಫನ್ನು ಬಿಚ್ಚಿ ನೋಡದೆ ಅವರಿಗೆ ಕಳಿಸಿಬಿಟ್ಟೆ. ಆ ಸರ್ವರಿಗೆ ಆಗಿನ್ನೂ ಕನ್ನಡದ ಅಕ್ಷರವೇ ಗೊತ್ತಿರಲಿಲ್ಲವಂತೆ. ಅಕ್ಷರ ಇರಬೇಕಾದಲ್ಲೆಲ್ಲ ಒಂದೊಂದು ಖಾಲಿ ಚೌಕ ಹಾಕಿಕೊಟ್ಟಿತ್ತು. ಪುಟದ ತುಂಬ ಸಾಲು ಸಾಲು ಚೌಕ.

ಮೇಷ್ಟ್ರ ಫೋನು ಬಂತು. ನಾನು ಬೈಗುಳಕ್ಕೆ ತಯಾರಾದೆ.

"ಕೆಂಪುಕಲ್ಲಿನ ಗೋಡೆ ಚಂದ ಬಂದಿದೆ ಮಾರಾಯ್ತಿ" ಎಂದರು. "ಆದರೆ ಬಾಗಿಲಿಗೂ ಕಿಟಕಿಗೂ ಎಲ್ಲಿಯೂ ಜಾಗವೇ ಬಿಟ್ಟಿಲ್ಲವಲ್ಲ?"

ನಲ್ ದಂಪತಿ

ಹೆಸರಿನ ಜಾಗ ಖಾಲಿ ಬಿಟ್ಟರೆ ಸಾಫ್ಟ್‌ವೇರ್ ಅಲ್ಲಿ 'ನಲ್' ಎಂದು ತಾನೇ ಹಾಕಿಕೊಳ್ಳುತ್ತದೆ. ಹಾಗೆ ಒಂದು ಕರಾರು 'ಶ್ರೀ ನಲ್ ಮತ್ತು ಅವರ ಪತ್ನಿ ಶ್ರೀಮತಿ ನಲ್' ಎಂದು ಹೋಯಿತು. ಗಂಡ ಕಾಗದ ಹಿಡಿದುಕೊಂಡು ಬಂದರು.

"ಈ ನಲ್ ಅಂದರೆ ಎಂತ?"

"ಎಂತದ್ದೂ ಇಲ್ಲ ಅಂತ ಅರ್ಥ" ಎಂದೆ, ತಲೆ ತಗ್ಗಿಸಿ.

"ಹಾಗಾದರೆ ನನ್ನದು ಸರಿಯಾಗಿಯೇ ಉಂಟು. ಅವಳದ್ದು ಮಾತ್ರ ಬೇಗ ತಿದ್ದಿಕೊಡಿ, ಅವಳು ನೋಡುವ ಮೊದಲು."

ಹಟ್ಟಿ ಮತ್ತು ಮಹಡಿ

ಒಂದೇ ದಿನ ಎರಡು ಕರಾರು. ಒಂದು, ಕಾರಡ್ಕದ ಹಾಲಿನ ವ್ಯಾಪಾರದವರ ದನದ ಹಟ್ಟಿ. ಇನ್ನೊಂದು, ದುಬೈಯಲ್ಲಿರುವ ಒಬ್ಬರ ಎರಡು ಮಹಡಿಯ ಮನೆ; ಆ ವರ್ಷ ನಮಗೆ ಸಿಕ್ಕಿದ ದೊಡ್ಡ ಕೆಲಸ ಅದೇ. ನಾನು ಒಂದರ ಬೆನ್ನಿಗೆ ಒಂದು ಬಟನ್ ಒತ್ತಿದೆ. ಎಪಿಐಗೆ ತಲೆ ತಿರುಗಿರಬೇಕು. ತಲೆಬರಹಗಳನ್ನೆಲ್ಲ ಸರಿಯಾಗಿಟ್ಟು ಅಡಿಯ ವಿವರಗಳನ್ನು ಅದಲುಬದಲು ಮಾಡಿ ತಂದಿತು.

ಮೊದಲು ದುಬೈಯಿಂದ ಫೋನು. ಆತ ಓದಿಯೇ ಹೇಳಿದರು: "ಮಾಸ್ಟರ್ ಬೆಡ್‌ರೂಮು. ಗಂಜಲ ಹರಿದುಹೋಗಲು ನೆಲ ಇಳಿಜಾರು. ಗೋಡೆಗೆ ತಾಗಿ ಮೇವಿನ ತೊಟ್ಟಿ. ಕಟ್ಟಿಹಾಕಲು ಗಟ್ಟಿಯಾದ ಕಬ್ಬಿಣದ ಕೊಂಡಿ. ಇದೆಂತ ಇಚ್ಚಾ, ತಮಾಷೆಯಾ? ಕೆಲಸ ಬೇರೆಯವರಿಗೆ ಕೊಡ್ತೇನೆ." ಫೋನು ಇಟ್ಟೇಬಿಟ್ಟರು.

ಇಚ್ಚನ ಮುಖ ಸುಣ್ಣದ ಹಾಗಾಯಿತು. ಅಷ್ಟರಲ್ಲಿ ಹಾಲಿನವರು ನಗುತ್ತಾ ಒಳಗೆ ಬಂದರು. ಕರಾರಿಗೆ ಸಹಿಯೂ ಬಿದ್ದಿತ್ತು.

"ಎಲ್ಲ ಒಪ್ಪಿಗೆ ಇಚ್ಚಾ. ಏಸಿ ಹಾಕುವುದು ಒಳ್ಳೆಯದೇ, ಜೆರ್ಸಿ ದನಕ್ಕೆ ಸೆಕೆ ಆಗುವುದಿಲ್ಲ. ಡ್ರೆಸ್ಸಿಂಗ್ ಟೇಬಲ್ ಮಾತ್ರ ಬೇಡ. ಕನ್ನಡಿಯಲ್ಲಿ ಇನ್ನೊಂದು ದನ ಕಂಡರೆ ಹಾಯ್ತದೆ."

ಕರಾರು ಅದಲುಬದಲಾದದ್ದನ್ನು ಅವರಿಗೆ ಹೇಳಿ ಕಳಿಸಿ, ನಾನು ದುಬೈಯವರ ಕರಾರನ್ನು ಕೈಯಾರೆ ಟೈಪ್ ಮಾಡಿದೆ. ಸಂಜೆ ಇಚ್ಚ ಮತ್ತು ನಾನು ಅದನ್ನು ಹಿಡಿದುಕೊಂಡು ಅವರ ಹೆಂಡತಿ ಇರುವಲ್ಲಿಗೆ ಹೋದೆವು. ಆಕೆ ಗಂಡನನ್ನು ವೀಡಿಯೋ ಕಾಲಿನಲ್ಲಿ ಕೂರಿಸಿ, ಮೊದಲು ಬಂದಿದ್ದ ತಪ್ಪು ಕರಾರನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಓದಿದರು. ಒಂದು ಮುಗುಳ್ನಗೆಯೂ ಇಲ್ಲ. ಇಚ್ಚ ಬೆವರು ಒರೆಸಿಕೊಳ್ಳುತ್ತಲೇ ಇದ್ದರು.

"ಇಳಿಜಾರು ಬೇಡ" ಎಂದರು ಆಕೆ. "ತೊಟ್ಟಿ ಬೇಡ. ಕೊಂಡಿ ಇರಲಿ."

"ಕೊಂಡಿ ಯಾಕೆ ತಂಗೀ?" ಇಚ್ಚ ಗಾಬರಿಯಿಂದ ಕೇಳಿದರು.

ಆಕೆ ಫೋನಿನ ಕಡೆ ಬೆರಳು ತೋರಿಸಿದರು. "ಎರಡು ವರ್ಷಕ್ಕೊಮ್ಮೆ ಬರುವುದು. ಪೆಟ್ಟಿಗೆ ಬಿಚ್ಚುವ ಮೊದಲೇ ವಾಪಸ್ ಹೋಗುವ ಟಿಕೆಟ್ ನೋಡುವುದು. ಈ ಸಲ ಕಟ್ಟಿಹಾಕ್ಲಿಕ್ಕೆ ಉಂಟು."

ಫೋನಿನೊಳಗಿಂದ ಗಂಡನ ಸಣ್ಣ ಸ್ವರ ಬಂತು:

"ಇಚ್ಚಾ, ಹಾಗಾದರೆ ಆ ತೊಟ್ಟಿಯೂ ಇರಲಿ. ಕಟ್ಟಿಹಾಕಿದವನಿಗೆ ಹೊಟ್ಟೆಗೆ ಎಂತಾದರೂ ಬೇಡವಾ?"