ನನ್ನ ಎದೆಹಾಲಿನ ಬಿಟ್ಟಿ ಪ್ರಯಾಣಿಕರಿಗೆ

ಮಾನ್ಯ ಸೈಟೊಮೆಗಾಲೊ ವೈರಸ್ ಮಹಾಶಯರೇ,

ತಾವು ಕ್ಷೇಮವೆಂದು ಬಲ್ಲೆ. ನನ್ನ ಮೈಯಲ್ಲೇ ಬಿಡಾರ ಹೂಡಿರುವವರು ಕ್ಷೇಮವಾಗಿರದೆ ಇನ್ನೇನು? ನನ್ನ ಚಿಕ್ಕಂದಿನಲ್ಲಿ ಯಾವಾಗಲೋ ಹೇಳದೆ ಕೇಳದೆ ಒಳಹೊಕ್ಕು, ಇಷ್ಟು ವರ್ಷ ಒಂದು ಸೀನೂ ಬರಿಸದೆ ಮೂಲೆಯಲ್ಲಿ ಮುದುಡಿಕೊಂಡಿದ್ದ ತಮ್ಮ ಸಭ್ಯತೆಯನ್ನು ಎಷ್ಟು ಹೊಗಳಿದರೂ ಸಾಲದು. ತಾವಿರುವ ಸಂಗತಿ ನನಗೆ ಗೊತ್ತಾದದ್ದೇ ಹೆರಿಗೆಯಾದ ಮೇಲೆ, ರಕ್ತಪರೀಕ್ಷೆಯಿಂದ.

ಆದರೆ ಮಹಾಶಯರೇ, ನನಗೆ ಹಾಲಿಳಿದ ಕೂಡಲೇ ಎಚ್ಚೆತ್ತು, ಅದರಲ್ಲಿ ತೇಲಿಕೊಂಡು ಹೊರಡುವ ಅವಸರ ಏನಿತ್ತು? ಒಂಬತ್ತು ತಿಂಗಳು ತುಂಬಿ ಹುಟ್ಟಿದ ಕೂಸಾಗಿದ್ದರೆ ತಾಯಿಯಿಂದ ಪಡೆದ ರಕ್ಷಣೆಯ ಬಲದಲ್ಲಿ ತಮ್ಮನ್ನು ಕ್ಯಾರೇ ಅನ್ನುತ್ತಿರಲಿಲ್ಲ. ನನ್ನ ಮಗಳೋ, ಆ ರಕ್ಷಣೆ ಪೂರ್ತಿ ದಾಟಿಬರುವ ಮೊದಲೇ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿದವಳು. ಅಂಥವರಿಗೆ ತಾವು ಸೋಕಿದರೆ ಉಸಿರು ನಿಂತು ನಿಂತು ಬರುವುದೂ ಉಂಟು ಎಂದು ಡಾಕ್ಟರು ಹೇಳಿದಂದಿನಿಂದ ನನಗೆ ನನ್ನ ಹಾಲೆಂದರೇ ಹೆದರಿಕೆ. ನಿಲ್ಲಿಸೋಣವೆಂದರೆ ಅವಳ ಎಳೆಯ ಕರುಳಿಗೆ ಅದಕ್ಕಿಂತ ಹಿತವಾದದ್ದು ಬೇರೆ ಇಲ್ಲವಂತೆ.

ತಮ್ಮ ಗೌರವಾರ್ಥ ಆಸ್ಪತ್ರೆಯಲ್ಲಿ ಒಂದು ಯಂತ್ರವನ್ನೇ ಇಟ್ಟಿದ್ದಾರೆ. ನಾನು ಹಿಂಡಿಕೊಟ್ಟ ಹಾಲನ್ನು ಅದು ಹದವಾಗಿ ಬಿಸಿಮಾಡಿ ತಮ್ಮನ್ನು ಸಕಲ ಮರ್ಯಾದೆಯಿಂದ ಬೀಳ್ಕೊಡುತ್ತದೆ. ಬಿಸಿಮಾಡುವ ಸುದ್ದಿ ಕಿವಿಗೆ ಬಿದ್ದದ್ದೇ ತಡ, ನಮ್ಮತ್ತೆ, ನಾನು ಒಂದು ಬೆಳಗೆಲ್ಲ ಕೂತು ಹಿಂಡಿಟ್ಟಿದ್ದ ಹಾಲನ್ನು ಮನೆಯ ಒಲೆಗೇರಿಸಿ, ಉಕ್ಕಿಸಿ, ತಳ ಹಿಡಿಸಿ, "ಹಾಲು ಅಂದ್ಮೇಲೆ ಒಂದು ಕುದಿ ಬರ್ಬೇಡ್ವೇನೇ?" ಎಂದು ನನ್ನನ್ನೇ ಕೇಳಿದರು. ಆಮೇಲೆ ಪಾತ್ರೆ ಉಜ್ಜುತ್ತಾ ಇಬ್ಬರೂ ಗಳಗಳ ಅತ್ತುಬಿಟ್ಟೆವು. ಅದೂ ತಮ್ಮದೇ ಕೃಪೆ.

ಆದಕಾರಣ ತಾವು ದಯಮಾಡಿ ನನ್ನ ಎಡಗಾಲಿನ ಕಿರುಬೆರಳಿಗೆ ವಾಸ್ತವ್ಯ ಬದಲಿಸಬೇಕಾಗಿ ಕೋರಿಕೆ. ಅಲ್ಲಿ ಯಾರ ಕಾಟವೂ ಇಲ್ಲ. ಅದು ಒಗ್ಗದಿದ್ದರೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ನನ್ನ ಗಂಡನ ಪಕ್ಕ ಕೂತಿರಬಹುದು. ಪಾಪ, ಅವರಿಗೂ ಮಾತಾಡಲು ಯಾರಾದರೂ ಬೇಕು.

ಇವತ್ತು ಡಾಕ್ಟರು, "ಮಗು ಗಟ್ಟಿಯಾಗಿದೆ, ಇನ್ನು ಮಿಷನ್ನೂ ಬೇಡ, ಗಿಷನ್ನೂ ಬೇಡ. ನಾಳೆಯಿಂದ ಎದೆಗೇ ಹಾಕ್ಕೊಳ್ಳಿ," ಎಂದರು. ಅಂದರೆ ತಮಗೂ ದಾರಿ ಬಿಟ್ಟ ಹಾಗೆಯೇ. ಸಂತೋಷಕ್ಕೂ ಅಳು ಬಂತು, ಭಯಕ್ಕೂ ಬಂತು. ಬರಲೇಬೇಕೆಂದಿದ್ದರೆ ಬನ್ನಿ ಮಹಾಶಯರೇ, ಆದರೆ ಅವಳ ಒಂದು ಕೂದಲೂ ಕೊಂಕಬಾರದು.

ವಿಶ್ವಾಸ ಎಳ್ಳಷ್ಟೂ ಇಲ್ಲದಿದ್ದರೂ ತಮ್ಮ ವಿಶ್ವಾಸಿ,
ಪುಟ್ಟಿಯ ಅಮ್ಮ

ತಾ.ಕ.: ನಿನ್ನೆ ಸೂಜಿ ಹಿಡಿದು ಬಂದ ನರ್ಸಮ್ಮನ ಬೆರಳನ್ನು ಪುಟ್ಟಿ ಹೇಗೆ ಹಿಡಿದುಕೊಂಡಳೆಂದರೆ, ಬಿಡಿಸಲು ಇನ್ನೊಬ್ಬರು ಬರಬೇಕಾಯಿತು. ಒದೆಯುವುದನ್ನೂ ಕಲಿತಿದ್ದಾಳೆ. ತಾವು ಬರುವಾಗ ಸ್ವಲ್ಪ ನೋಡಿಕೊಂಡು ಬನ್ನಿ.