ಬಿಳಿ ಕೋಟಿನ ಸಾಹುಕಾರ

ನನಗೆ ಎಷ್ಟು ಆಸ್ತಿ ಇದೆ ಎಂಬುದು ನನಗೆ ಗೊತ್ತಾದದ್ದು ಯರಗಟ್ಟಿಯಲ್ಲಿ. ಹೆಂಡತಿ ಸುನಂದಾಳ ತಮ್ಮ ಬಸವರಾಜ, ನನ್ನ ಬಗ್ಗೆ ಯಾರೋ ಬರೆದದ್ದನ್ನು ಮೊಬೈಲ್ ಹಿಡಿದು ಓದಿ ಹೇಳಿದ. ಎರಡು ಬಂಗಲೆ, ಮೂರು ಕಾರು, ಒಂದು ತೋಟದ ಮನೆ.

"ಮಾಮಾರ, ತ್ವಾಟದ ಮನಿ ಯಾವ ಕಡೆ ಬರತೈತ್ರಿ?" ಎಂದು ಕೇಳಿದ.

ಒಂದು ಕ್ಷಣ ನನಗೂ ಗೊಂದಲವಾಯಿತು. ನನಗೆ ತಿಳಿಯದಂತೆ ಸುನಂದಾ ಏನಾದರೂ ಕೊಂಡಿದ್ದಾಳೋ ಎಂದು ಅವಳ ಮುಖ ನೋಡಿದೆ. ಅದೇ ಅನುಮಾನದಿಂದ ಅವಳು ನನ್ನ ಮುಖ ನೋಡುತ್ತಿದ್ದಳು. ಬೆಂಗಳೂರಿನಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ತೋಟವೆಂದರೆ ಅಡುಗೆಮನೆ ಕಿಟಕಿಯಲ್ಲಿರುವ ಒಂದು ಕರಿಬೇವಿನ ಕುಂಡ.

ನಾನು ಧಾರಾವಾಹಿ ನಟ. ಹತ್ತು ವರ್ಷ ಪೇದೆ, ಕಂಪೌಂಡರ್, ಶವದ ಪಕ್ಕ ನಿಲ್ಲುವ ನೆಂಟ ಎಂದೆಲ್ಲ ಬಣ್ಣ ಹಚ್ಚಿದ ಮೇಲೆ ಮೊದಲ ಬಾರಿಗೆ ಹೆಸರಿರುವ ಪಾತ್ರ ಸಿಕ್ಕಿತ್ತು. ಸೋಪಿನ ಕಾರ್ಖಾನೆಯ ಮಾಲೀಕ ವಿರೂಪಾಕ್ಷ ಸಾಹುಕಾರ. ಬಂಗಲೆ, ಕಾರು, ತೋಟ ಎಲ್ಲ ಅವನವು. ಅವನು ಬದುಕಿದ್ದರೆ ನನ್ನ ಮನೆಯ ಒಲೆ ಉರಿಯುತ್ತಿತ್ತು. ನಮ್ಮಿಬ್ಬರ ಸಂಬಂಧ ಅಷ್ಟೇ.

ಬಸವರಾಜ ಯರಗಟ್ಟಿಯಲ್ಲಿ ಗೊಬ್ಬರದ ಅಂಗಡಿ ತೆರೆಯುತ್ತಿದ್ದ. ರಿಬ್ಬನ್ ಕತ್ತರಿಸಲು ನನ್ನನ್ನೇ ಕರೆದ. ಮಾವನ ಮನೆಯವರ ಮುಂದೆ ಮಾಸಲು ಅಂಗಿಯಲ್ಲಿ ನಿಲ್ಲುವುದು ಹೇಗೆ? ಉಡುಪಿನ ವಿಭಾಗದ ನಾಗಣ್ಣನ ಕೈಕಾಲು ಹಿಡಿದು ಸಾಹುಕಾರನ ಬಿಳಿ ಕೋಟು ತಂದೆ. ಆ ವಾರವಷ್ಟೇ ಸಾಹುಕಾರ ಬಂಗಲೆಯ ಮೆಟ್ಟಿಲಿಂದ ಉರುಳಿ ಬಿದ್ದಿದ್ದ. ಟೀವಿಯಲ್ಲಿ ಅದನ್ನು ಗಂಟೆಗೊಮ್ಮೆ ತೋರಿಸುತ್ತಿದ್ದರು.

"ಇರೋದು ಇದೊಂದೇ ಕೋಟು ಸಾರ್. ಸೋಮವಾರ ನೀವು ಇದರಲ್ಲೇ ಕಣ್ಣು ಬಿಡಬೇಕು. ಹುಷಾರು" ಎಂದಿದ್ದ ನಾಗಣ್ಣ.

ಕೋಟಿಗೆ ಒಂದು ಹನಿ ಚಹಾ ಸಹ ತಾಗದಂತೆ ರಿಬ್ಬನ್ ಕತ್ತರಿಸಿದೆ. ಅಲ್ಲಿಗೆ ಮುಗಿಸಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

"ಇಷ್ಟ ದೂರ ಬಂದು ಯಲ್ಲಮ್ಮಗ ಕೈ ಮುಗೀದ ಹೋದ್ರ ಹೆಂಗ್ರಿ ಮಾಮಾರ? ಸವದತ್ತಿ ಇಲ್ಲೇ ಐತಿ" ಎಂದ ಬಸವರಾಜ.

"ಕೋಟ ತಗದ ಇಟ್ಟು ಬರ್ರಿ. ಗುಡ್ಡದಾಗ ಭಂಡಾರ ಹಾರತಿರತೈತಿ" ಎಂದಳು ಸುನಂದಾ.

ಕೋಟು ತೆಗೆದರೆ ನನ್ನನ್ನು ಯಾರು ಗುರುತಿಸುತ್ತಾರೆ? ಹಾಕಿಕೊಂಡೇ ಹೊರಟೆ.

ಗುರುತಿಸಿದರು. ಗುಡ್ಡದ ಮೆಟ್ಟಿಲ ಬಳಿ ಸುರೇಬಾನದ ಅಜ್ಜಿಯೊಬ್ಬರು ನನ್ನ ತೋಳು ಹಿಡಿದು ನಿಲ್ಲಿಸಿದರು. "ಸಾವಕಾರ್ರ, ನೀವು ಬಿದ್ದದ್ದ ನೋಡಿದಾಗಿಂದ ನನಗ ಊಟ ಸೇರವಲ್ದು. ನಿಮ್ಮ ಜೀಂವಾ ಉಳೀಲಿ ಅಂತ ಅವ್ವಗ ಹರಕಿ ಹೊತ್ತೇನಿ" ಎಂದರು.

ನನ್ನ ಟೈಫಾಯ್ಡಿಗೂ ಯಾರೂ ಹರಕೆ ಹೊತ್ತಿರಲಿಲ್ಲ. ನಾನು ಬರೀ ನಟ ಎಂದು ಹೇಳಬೇಕಿತ್ತು. ಅದರ ಬದಲು ಬಗ್ಗಿ ಕಾಲು ಮುಟ್ಟಿದೆ. ಅಜ್ಜಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಭಂಡಾರ ತೆಗೆದರು. ಹಣೆಗೆ ಬಳಿದು ಉಳಿದ ಅರಿಶಿನವನ್ನೆಲ್ಲ ಎದೆಗೆ ಒರೆಸಿ "ಉಧೋ" ಎಂದರು. ಹಿಂದಿದ್ದವರೂ ಸಾಹುಕಾರನ ಜೀವ ಉಳಿಯಲೆಂದು ಉಧೋ ಉಧೋ ಎನ್ನುತ್ತ ತಮ್ಮ ತಮ್ಮ ಪಾಲಿನದನ್ನು ಹಾಕಿದರು. ನಾನು ಹಳದಿ ಕೋಟಿನಲ್ಲಿ ಗುಡ್ಡ ಇಳಿದೆ.

"ಜಾಡಿಸಿ ಬಿಸಲಾಗ ಹಾಕ್ರಿ, ತಾನ ಹೋಗತೈತಿ. ಸಾಬಾಣ ಮಾತ್ರ ಮುಟ್ಟಸಬ್ಯಾಡ್ರಿ" ಎಂದಳು ಸುನಂದಾ.

ಬಸ್ಸು ಸಂಜೆಗಿತ್ತು. ಬಿಸಿಲಿಗೆ ಕಾಯುವಷ್ಟು ವ್ಯವಧಾನ ಯಾರಿಗಿದೆ?

"ಸೋಪಿನ ವಿಷಯ ನನಗ ಹೇಳತೀಯೇನು?" ಎಂದೆ. ವರ್ಷವಿಡೀ ಕೋಟಿಗಟ್ಟಲೆ ಸೋಪು ಮಾರಿದವನಲ್ಲವೇ ನಾನು. ಅತ್ತೆಯವರ ಬಚ್ಚಲಿಗೆ ನುಗ್ಗಿ ಕೋಟಿಗೆ ಸೋಪು ತಿಕ್ಕಿದೆ. ಹಳದಿ ಮಾಯವಾಯಿತು. ಅದರ ಜಾಗದಲ್ಲಿ ಕೆಂಪು ಬಂತು. ಗಾಬರಿಯಾಗಿ ಇನ್ನಷ್ಟು ತಿಕ್ಕಿದೆ. ಇನ್ನಷ್ಟು ಕೆಂಪಾಯಿತು.

ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ ಎಂಬುದು ಯರಗಟ್ಟಿಯ ಪ್ರತಿ ಹೆಣ್ಣುಮಗಳಿಗೂ ಗೊತ್ತಿದೆಯಂತೆ. ಗೊತ್ತಿಲ್ಲದವನು ಸೋಪಿನ ಕಾರ್ಖಾನೆಯ ಮಾಲೀಕನೊಬ್ಬನೇ.

ಸೋಮವಾರ ಕೋಟು ನೋಡಿ ನಾಗಣ್ಣ ಅಲ್ಲೇ ಕುಸಿದು ಕೂತ. ನಿರ್ದೇಶಕರು ಬಂದರು. ಕೋಟು ತೊಟ್ಟಿದ್ದ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

"ಯಾರು ಮಾಡಿದ್ದು ಇದು? ರಕ್ತ ಎಷ್ಟು ನ್ಯಾಚುರಲ್ ಆಗಿದೆ" ಎಂದರು.

ನನ್ನ ಜೀವ ಮರಳಿ ಬಂತು. ನಾನೇ ಸಾರ್ ಎಂದು ಹೆಮ್ಮೆಯಿಂದ ಒಪ್ಪಿಕೊಂಡೆ. ಅವರು ಗಲ್ಲದ ಮೇಲೆ ಕೈಯಿಟ್ಟು ಯೋಚಿಸತೊಡಗಿದರು.

"ಆದ್ರೆ ಇಷ್ಟು ರಕ್ತ ಹೋದವರು ಕಣ್ಣು ಬಿಟ್ರೆ ಜನ ನಂಬ್ತಾರಾ? ಬೇಡ, ನೀವು ಹಂಗೇ ಮಲಗಿರಿ."

"ಒಂದೇ ಕಣ್ಣು ಬಿಡ್ತೀನಿ ಸಾರ್" ಎಂದು ಬೇಡಿಕೊಂಡೆ.

ಒಪ್ಪಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ವಿರೂಪಾಕ್ಷ ಸಾಹುಕಾರ ತೀರಿಕೊಂಡ. ಆತನ ಜೀವ ಉಳಿಯಲೆಂದು ಸುರೇಬಾನದ ಅಜ್ಜಿ ಹಾಕಿದ ಭಂಡಾರವನ್ನು ನಾನೇ ಕೈಯಾರೆ ತಿಕ್ಕಿ ತಿಕ್ಕಿ ರಕ್ತ ಮಾಡಿದ್ದೆ. ಆ ಅಜ್ಜಿಗೆ ಈಗ ಯಾವ ಮುಖ ತೋರಿಸಲಿ?

ಮುಖವನ್ನೇನೋ ದಿನಾ ತೋರಿಸುತ್ತಿದ್ದೇನೆ. ಬಂಗಲೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿದ ಫೋಟೊ ಆಗಿ ಎಲ್ಲ ಕಂತಿನಲ್ಲೂ ಇದ್ದೇನೆ. ಫೋಟೊಗೆ ಸಂಬಳವಿಲ್ಲ. ಹಾಗಾಗಿ ಸಂಜೆ ಮನೆಯಲ್ಲೇ ಕೂತು ಸುನಂದಾಳ ಜೊತೆ ನನ್ನನ್ನು ನಾನೇ ನೋಡುತ್ತೇನೆ. ಮೊನ್ನೆ ಅವಳು ಕರಿಬೇವು ಬಿಡಿಸುತ್ತ ಬಹಳ ಹೊತ್ತು ಆ ಫೋಟೊ ನೋಡಿದಳು.

"ಮುಖದಾಗ ಏನ್ ಕಳೆ ಐತಿ ನೋಡ್ರಿ" ಎಂದಳು. "ಮೊದಲ ಹಿಂಗ ಆ್ಯಕ್ಟಿಂಗ್ ಮಾಡಿದ್ರ ನಿಮ್ಮನ್ನ ಯಾಕ ಸಾಯಸ್ತಿದ್ರು?"