ಮೆಟ್ಟಿಲಡಿಯ ಪೆಟ್ಟಿಗೆ ಮತ್ತು ನಮ್ಮ ಭಾವ

ನಮ್ಮ ಭಾವ ಯಾವ ಕಟ್ಟಡಕ್ಕೆ ಹೋದರೂ ಮುಂಬಾಗಿಲಿನಿಂದ ಒಳಗೆ ಹೋಗಿ ಮೆಟ್ಟಿಲಿನ ಕೆಳಗೆ ಮಾಯವಾಗುತ್ತಾರೆ. ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾನು ಬರೆಯುವುದನ್ನೆಲ್ಲ ನೀವು ಹಾಗೆಯೇ ನಂಬುವ ಅಪಾಯವಿದೆ.

ಭಾವ ಎಂದರೆ ಅಕ್ಕನ ಗಂಡ, ಕಾರ್ಕಳದವರು. ಗಲ್ಫಿನಲ್ಲಿ ದೊಡ್ಡ ಕಟ್ಟಡಗಳ ವಯರಿಂಗ್ ಪರೀಕ್ಷಿಸುವ ಇಂಜಿನಿಯರ್ ಆಗಿದ್ದು ನಿವೃತ್ತರಾಗಿ ಬಂದವರು. ಉಳಿದವರೆಲ್ಲ ಅಲ್ಲಿಂದ ಅತ್ತರಿನ ಬಾಟಲಿ, ಕಂಬಳಿ ತಂದರೆ ಇವರು ತಂದದ್ದು ಒಂದು ಟಾರ್ಚು, ಜೊತೆಗೆ ಯಾವ ಗೋಡೆಯನ್ನೂ ನಂಬದ ಕಣ್ಣು. ಉಡುಪಿಯಲ್ಲಾಗಲಿ ಕಾರ್ಕಳದಲ್ಲಾಗಲಿ ಹಳೆಯ ಅಂಗಡಿ ಕಟ್ಟಡವೊಂದು ಕಂಡರೆ ಸಾಕು, "ಇದರ ಪ್ಯಾನೆಲ್ ಎಲ್ಲುಂಟು?" ಎಂದು ಕೇಳುತ್ತಾರೆ. ಅದು ಮೆಟ್ಟಿಲಿನ ಕೆಳಗೇ ಇರುತ್ತದೆ. ಬಾಗಿಲು ಕಳಚಿದ ಪೆಟ್ಟಿಗೆ, ಫ್ಯೂಸ್ ಇರಬೇಕಾದಲ್ಲಿ ದಪ್ಪ ತಂತಿ, ಇಡೀ ಮಹಡಿಯ ಏಸಿಗಳೆಲ್ಲ ಜೋತುಬಿದ್ದ ಬಡಪಾಯಿ ವಯರು, ಮೇಲೆ ಯಾರೋ ಒಣಗಲು ಸಿಕ್ಕಿಸಿದ ಒದ್ದೆ ಕೊಡೆ. ಭಾವ ಅದರೆದುರು ಸಾವಿನ ಮನೆಗೆ ಬಂದವರಂತೆ ನಿಲ್ಲುತ್ತಾರೆ. ಮಣಿಪಾಲಕ್ಕೆ ಹಲ್ಲು ಕೀಳಿಸಲು ಹೋದವರು, ಹಲ್ಲನ್ನು ಹಾಗೇ ಬಿಟ್ಟು, ಕಟ್ಟಡದ ಯಜಮಾನರ ನೆಮ್ಮದಿ ಕಿತ್ತು ಬಂದರು.

ಇಷ್ಟಕ್ಕೆ ಹೊಟ್ಟೆಕಿಚ್ಚೇಕೆ? ಅಮ್ಮನಿಂದಾಗಿ. ಶಿರ್ವದ ನಮ್ಮ ಮನೆಯಲ್ಲಿ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಊಟಕ್ಕೆ ಕುಳಿತರೆ ಅಂಜಲ್ ಮೀನಿನ ನಡುತುಂಡು ಭಾವನ ಬಟ್ಟಲಿಗೆ ಬೀಳುತ್ತದೆ. ಹೆತ್ತ ಮಗನಿಗೆ ಬಾಲ.

"ಅವರು ಪಾಪ, ಕರೆಂಟಿನ ಜೊತೆ ಜೀವನ ಮಾಡಿದವರು" ಎನ್ನುತ್ತಾರೆ ಅಮ್ಮ.

"ನಾನು ನಿಮ್ಮ ಜೊತೆ ಜೀವನ ಮಾಡಿದವನಲ್ವಾ?" ಎಂದು ಕೇಳಿದೆ. ಅಮ್ಮ ಇನ್ನೊಂದು ಸೌಟು ಸಾರು ಹಾಕಿದರು.

ತಂಗಿಯ ಮಗಳ ಮದುವೆಯಲ್ಲಂತೂ ನನಗೆ ತಡೆಯಲಾಗಲಿಲ್ಲ. ಕಾರ್ಕಳದ ಒಂದು ಹಳೆಯ ಸಭಾಂಗಣ. ವಧೂವರರಿಗೆ ಶುಭ ಹಾರೈಸಿ ಟೋಸ್ಟ್ ಹೇಳುವ ಗೌರವ ಭಾವನಿಗೆ ಸಿಕ್ಕಿತ್ತು. ನಾನು ಸುಮ್ಮನೆ, ಯಾವುದಕ್ಕೂ ಇರಲಿ ಎಂದು, ಒಂದು ಭಾಷಣ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಟೋಸ್ಟಿನ ಹೊತ್ತಿಗೆ ಭಾವ ಇಲ್ಲ! ನಾನು ಕೋಟಿನ ಗುಂಡಿ ಹಾಕಿಕೊಂಡು ಎದ್ದೇಬಿಟ್ಟೆ. ಅಷ್ಟರಲ್ಲಿ ಭಾವ ವೇದಿಕೆಯ ಹಿಂದಿನಿಂದ, ಮೂಗಿಗೆಲ್ಲ ಜೇಡರ ಬಲೆ ಅಂಟಿಸಿಕೊಂಡು ಬಂದು ಮೈಕ್ ಹಿಡಿದರು.

"ಮೊದಲು ಆ ಅಲಂಕಾರದ ಲೈಟೆಲ್ಲ ಆಫ್ ಮಾಡಿ. ಹಿಂದೆ ವಯರು ಬಿಸಿ ಉಂಟು. ಮಕ್ಕಳೇ, ಚೆನ್ನಾಗಿರಿ."

ಇಷ್ಟೇ ಟೋಸ್ಟು. ಲೈಟು ಆರಿತು, ಕೇಕಿನ ಪಕ್ಕದ ಮೋಂಬತ್ತಿಗಳಷ್ಟೇ ಉಳಿದವು. ಅಂಥ ಚಂದದ ಟೋಸ್ಟ್ ತಾವು ಕೇಳಿಯೇ ಇಲ್ಲವೆಂದು ಊರಿನವರು ಈಗಲೂ ಹೇಳುತ್ತಾರೆ. ನನ್ನ ಭಾಷಣ ನನ್ನ ಹೊಟ್ಟೆಯಲ್ಲೇ ಹಳಸಿತು.

ಕಾಪುವಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಹಳೆಯ ಕಟ್ಟಡವೊಂದಕ್ಕೆ ಅದನ್ನು ಸ್ಥಳಾಂತರಿಸಿ ಸ್ವಲ್ಪ ಸಮಯವಾಗಿತ್ತಷ್ಟೆ. ಈ ಮಳೆಗಾಲದ ಒಂದು ಬೆಳಿಗ್ಗೆ ಭಾವ ಅಂಗಿಯ ಬಟ್ಟೆಗೆಂದು ಮೊದಲ ಸಲ ಅಲ್ಲಿಗೆ ಬಂದರು. ಬಂದವರೇ ಮೂಗು ಎತ್ತಿದರು.

"ಎಂತ ವಾಸನೆ ಇದು?"

"ಮೀನಿನದ್ದು ಭಾವ. ಕಾಪುವಿನಲ್ಲಿ ಮತ್ತೆ ಗಂಧದ ವಾಸನೆ ಬರ್ತದಾ?"

"ಬೋಟೆಲ್ಲ ದಡದಲ್ಲುಂಟು ಮಾರಾಯ. ಇವತ್ತು ಎಲ್ಲಿಯೂ ಮೀನು ಇಲ್ಲ ಅಂತ ನಿನ್ನ ಅಮ್ಮ ಈಗಷ್ಟೇ ಫೋನಿನಲ್ಲಿ ಹೇಳಿದರು."

ಅಮ್ಮ ಬೆಳಿಗ್ಗೆ ಅವರಿಗೆ ಫೋನ್ ಮಾಡುತ್ತಾರೆಂದು ನನಗೆ ಗೊತ್ತಾದದ್ದು ಆಗಲೇ. ವಾಸನೆಯನ್ನು ಮರೆತು ನಾನು ಅದನ್ನೇ ಯೋಚಿಸುತ್ತ ನಿಂತೆ.

ಭಾವ ಮಾತ್ರ ಮೆಟ್ಟಿಲಿನ ಕೆಳಗೆ ಹೋಗಿಯಾಗಿತ್ತು. ತಿರುಗಿ ಬಂದಾಗ ಮುಖ ಬಿಳುಪೇರಿತ್ತು. "ಸ್ವಿಚ್ಚಿನ ಪ್ಲಾಸ್ಟಿಕ್ ಕಾದರೆ ಹೀಗೇ ಮೀನಿನ ಹಾಗೆ ವಾಸನೆ ಬರುವುದು. ಎಲ್ಲರೂ ಹೊರಗೆ ಹೋಗಿ. ಲೈನ್‌ಮ್ಯಾನನ್ನು ಕರೆಸಿ."

ಕಟ್ಟಡದ ಯಜಮಾನರು ಓಡಿ ಬಂದರು. "ಇಷ್ಟು ವರ್ಷ ಎಂತದೂ ಆಗಲಿಲ್ಲವಲ್ಲ?"

"ಈಗ ಆಗ್ತಾ ಉಂಟು. ಪೆಟ್ಟಿಗೆಯ ಹಿಂದೆ ಇವನ ಅಂಗಡಿಯ ಗೋಡೆ ಮುಟ್ಟಿ ನೋಡಿ."

ಮೊದಲು ಮುಟ್ಟಿದ್ದು ನಾನೇ. ಮಕ್ಕಳ ಯೂನಿಫಾರ್ಮ್ ಬಟ್ಟೆ ಒಟ್ಟಿದ್ದ ಆ ಗೋಡೆ, ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು.

ಲೈನ್‌ಮ್ಯಾನ್ ಬಂದು ಕಂಬದಲ್ಲೇ ಕರೆಂಟು ತಪ್ಪಿಸಿದ ಮೇಲೆ ಪೆಟ್ಟಿಗೆ ಬಿಚ್ಚಿದರು. ಹಿಂದಿನ ಹಲಗೆ ಇದ್ದಿಲಾಗಿತ್ತು. ವಯರಿನ ಹೊದಿಕೆ ಕರಗಿ ಜೋನಿಬೆಲ್ಲದಂತೆ ಇಳಿದಿತ್ತು. ಯಜಮಾನರು ಅಲ್ಲೇ ನಿಂತು, ಇಡೀ ಕಟ್ಟಡದ ವಯರಿಂಗ್ ಹೊಸತು ಮಾಡಿಸುತ್ತೇನೆಂದರು. ಪಕ್ಕದ ಚಪ್ಪಲಿ ಅಂಗಡಿಯ ಕಾಕ ಭಾವನ ಕೈ ಹಿಡಿದುಕೊಂಡು, ನನ್ನ ಕಡೆ ತಿರುಗಿ, "ಇಂಥ ಭಾವ ಉಂಟು ಅಂತ ನೀವು ಹೇಳಲೇ ಇಲ್ಲ" ಎಂದರು. ನಾನು ಯಾಕೆ ಹೇಳುತ್ತೇನೆ? ಜೀವ ಉಳಿದ ಸಂತೋಷದ ನಡುವೆಯೂ ಹೊಟ್ಟೆ ತನ್ನ ಕೆಲಸ ತಾನು ಮಾಡುತ್ತಲೇ ಇತ್ತು.

ಜನ ಚದುರಿದ ಮೇಲೆ ನೋಡಿದರೆ ಭಾವ ಇಲ್ಲ. ಕಟ್ಟಡದ ಹಿಂದಿನ ಜಗಲಿಯಲ್ಲಿ ಒಬ್ಬರೇ ಕುಳಿತಿದ್ದರು. ನಾನು ಚಹಾ ತಂದುಕೊಟ್ಟೆ. ಲೋಟ ತೆಗೆದುಕೊಳ್ಳಲು ಕೈ ಚಾಚಿದರು. ಕೈ ನಿಲ್ಲಲಿಲ್ಲ, ಚಹಾ ಅಂಗಿಯ ಮೇಲೆ ಚೆಲ್ಲಿತು.

"ಎಂತ ಭಾವ, ಇಂಥದ್ದೆಷ್ಟು ನೋಡಿದವರು ನೀವು."

"ಬೇರೆಯವರದ್ದು ನೋಡುವಾಗ ಹೀಗೆ ಆಗುವುದಿಲ್ಲ" ಎಂದರು. "ಗೋಡೆಯ ಆಚೆ ನೀನು ಕೂರುವ ಕುರ್ಚಿ ಇತ್ತಲ್ಲ."

ನಾನು ಪಕ್ಕದಲ್ಲಿ ಕುಳಿತು, ಅವರ ಕೈಯ ಮೇಲೆ ನನ್ನ ಕೈ ಇಟ್ಟು, ಲೋಟ ಅಲುಗದಂತೆ ಹಿಡಿದುಕೊಂಡೆ. ಅವರು ಗುಟುಕು ಗುಟುಕಾಗಿ ಕುಡಿದರು.